'ಕೆರೆಗೆ ಹಾರ' ನಾಟಕದಲ್ಲಿ ಗೆಳತಿ ಪಾತ್ರ ಬೇಡ ಅಂತಾಳೆ ಹುಡುಗಿ. ಏನು ಹೇಳಲಿ?

ರೋಣದ ಅಕ್ಕೋರು:

ಎಲ್ಲರಿಗೂ ನಮಸ್ಕಾರ. ರೋಣ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಈ ಸಲದ ಗ್ಯಾದರಿಂಗ್‌ಗೆ ಕೆರೆಗೆ ನೀರು ಬರಲಿ ಅಂತ ಸೊಸೆಯನ್ನು ಬಲಿ ಕೊಡುವ ಜನಪದ ಹಾಡು 'ಕೆರೆಗೆ ಹಾರ'ವನ್ನೇ ನಾಟಕ ಮಾಡಿಸೋಣ ಅಂತ ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಕೂಡಿಸಿದ್ದೇನೆ. ಬೇರೆ ಸ್ಕ್ರಿಪ್ಟ್ ಇಲ್ಲ. ಇಬ್ಬರು ಹಾಡುತ್ತಾರೆ, ಉಳಿದವರು ಆಡುತ್ತಾರೆ. ಬಾಡಿಗೆ ಡ್ರೆಸ್ ಬೇಡ, ಮನೆಯಿಂದ ಅವ್ವಂದಿರ ಇಳಕಲ್ ಸೀರೆ ತಂದರೆ ಸಾಕು. ಖರ್ಚಿಲ್ಲ ಅಂತ ನಮ್ಮ ಹೆಡ್‌ಮಾಸ್ತರರಿಗೂ ಖುಷಿ.

ಪಾತ್ರ ಹಂಚುವಾಗ ಅತ್ತೆ ಪಾತ್ರಕ್ಕೆ ಜಗಳ ಬಿತ್ತು. ಮಾವ ಮಲ್ಲನಗೌಡನ ಮೀಸೆ ನನಗೇ ಬೇಕು ಅಂತ ಇನ್ನೊಬ್ಬಳು. ದನಿ ಚೆನ್ನಾಗಿರುವ ಒಬ್ಬಳು ಸೊಸೆ ಭಾಗೀರತಿ ಅಂತ ಮೊದಲೇ ಗಟ್ಟಿಯಾಗಿತ್ತು. ತಕರಾರು ಬಂದದ್ದು ನಾನು ಲೆಕ್ಕಕ್ಕೇ ಇಟ್ಟುಕೊಳ್ಳದ ಗೆಳತಿ ಪಾತ್ರದಲ್ಲಿ. ಆ ಪಾತ್ರಕ್ಕೆ ಇರೋದು ಒಂದೇ ಮುಖ್ಯ ಮಾತು: "ಕೊಟ್ಟರ ಕೊಡಲೇಳು, ಇಟ್ಟಾಂಗ ಇರಬೇಕು." ಅದು ಬಂದ ಕೂಡಲೇ ಹುಡುಗಿ ನಿಂತುಬಿಟ್ಟಳು.

"ಟೀಚರ್, ನಾ ಇದನ್ನ ಅನ್ನೂದಿಲ್ರೀ. ಬೇಕಾರ ಗೌಡನ ಪಾರ್ಟ್ ಕೊಡ್ರಿ."

ಗೌಡ ಇನ್ನೂ ಕೆಟ್ಟವನಲ್ಲೇನೇ ಅಂದೆ.

"ಗೌಡ ಕೆಟ್ಟಾಂವ ಅಂತ ಕುಂತು ನೋಡೋರಿಗೆಲ್ಲಾ ಗೊತ್ತೈತ್ರಿ. ಇಕಿ ಗೆಳತಿ ಅದಾಳ."

ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ನೀರು ಕುಡಿದು ಬಾ ಹೋಗು ಅಂತ ಕಳಿಸಿದೆ.

ಶಾಲೆಯಲ್ಲಿ ಓದಿ ಮರೆತವರಿಗೆ ಕಥೆ ನೆನಪು ಮಾಡಿಸುತ್ತೇನೆ. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬರೋದಿಲ್ಲ. ಹೊತ್ತಿಗೆ ತೆಗೆಸಿ, ಅಂದರೆ ಶಾಸ್ತ್ರ ನೋಡಿಸಿ ಕೇಳಿದರೆ ಸೊಸೆಯನ್ನು ಹಾರ, ಅಂದರೆ ಬಲಿ ಕೊಡಬೇಕು ಅಂತ ಬರುತ್ತದೆ. ಹಿರಿಸೊಸೆ ಮಲ್ಲವ್ವನನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲ. ಹಾಗಾಗಿ ಕಿರಿಸೊಸೆ ಭಾಗೀರತಿ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಊರಲ್ಲಿಲ್ಲ. ಭಾಗೀರತಿ ತವರಿಗೆ ಓಡುತ್ತಾಳೆ. ಅಪ್ಪ ಕೇಳುತ್ತಾನೆ, ಅವ್ವ ಕೇಳುತ್ತಾಳೆ, ಯಾಕೆ ಕಣ್ಣಲ್ಲಿ ನೀರು ಅಂತ. ಅವರಿಗೆ ನಿಜ ಹೇಳೋದಿಲ್ಲ. ಅತ್ತೆಮಾವ ಬೇರೆ ಇಡ್ತಾರಂತೆ ಅನ್ನುತ್ತಾಳೆ ಅಷ್ಟೇ. ಅಪ್ಪ ಹೊಲಮನೆ ಕೊಡಿಸ್ತೇನೆ ಅಂತಾನೆ, ಅವ್ವ ಕಿವಿಗೆ ವಾಲಿ ಜೋಡು ಕೊಡಿಸ್ತೇನೆ ಅಂತಾಳೆ. ಹೊಲಮನೆ ಒಯ್ದು ಹೊಳೆದಂಡೆಗೆ ಹಾಕು, ವಾಲಿ ಒಲೆಗೆ ಹಾಕು ಅಂತ ಎದ್ದುಬಿಡುತ್ತಾಳೆ. ನಿಜ ಹೇಳೋದು ಗೆಳತಿಗೆ ಒಬ್ಬಳಿಗೇ. ಆ ಗೆಳತಿಯ ಉತ್ತರವೇ ನಮ್ಮ ಹುಡುಗಿ ಬೇಡ ಅಂದ ಮಾತು.

ಆಮೇಲೆ ಭಾಗೀರತಿ ಸುಮ್ನೆ ವಾಪಸ್ ಬಂದು ಬೇಳೆ ಹಸನು ಮಾಡಲು ಕೂರುತ್ತಾಳೆ. ಮಾವ ಬಂದು ಕಣ್ಣಲ್ಲಿ ಯಾಕೆ ನೀರು ಅಂತ ಕೇಳಿದರೆ, ಬೇಳೆಯ ಹರಳು ಸಿಡಿದು ಕಣ್ಣಿಗೆ ಬಿತ್ತು ಅನ್ನುತ್ತಾಳೆ. ಈ ಜಾಗ ಬಂದಾಗ ನನಗೇ ಪಾಠ ಮಾಡೋದು ಕಷ್ಟ. ಅವಳನ್ನು ಕೊಲ್ಲಲು ನಿಂತವನಿಗೇ ಅವಳು ಸಮಾಧಾನದ ಸುಳ್ಳು ಹೇಳುತ್ತಿದ್ದಾಳೆ.

ಪರೀಕ್ಷೆಗೆ ನಾವು ಬರೆಸೋದು 'ತ್ಯಾಗ' ಅಂತ. ಭಾಗೀರತಿಯ ತ್ಯಾಗವನ್ನು ವಿವರಿಸಿ, ನಾಲ್ಕು ಅಂಕ. ಈಗ ನನಗೆ ಆ ಪ್ರಶ್ನೆ ಕೇಳೋಕೇ ಮನಸ್ಸು ಬರ್ತಿಲ್ಲ. ಈ ಹಾಡಿನಲ್ಲಿ ಗೌಡ ಒಬ್ಬನೇ ಕೊಲೆ ಮಾಡಿದ್ದಲ್ಲ ಅಂತ ನನ್ನ ಅನಿಸಿಕೆ. ಅವಳ ಮೇಲೆ ಪ್ರೀತಿ ಇದ್ದವರೆಲ್ಲ ಏನೋ ಒಂದು ಕೊಡೋಕೆ ಬಂದರು. ಇಲ್ಲೇ ಇರು ಅಂತ ಮಾತ್ರ ಯಾರೂ ಅನ್ನಲಿಲ್ಲ.

ಗೆಳತಿಯ ಆ ಸಾಲು ತೆಗೆದುಬಿಡಲಾ? ಇಟ್ಟುಕೊಂಡರೆ ಹುಡುಗಿಗೆ ಏನು ಹೇಳಲಿ? ಇನ್ನೊಂದು, ಇಂಥದ್ದು ನಿಜಕ್ಕೂ ನಡೆದಿತ್ತೇನ್ರೀ ಅಂತ ಇಡೀ ಕ್ಲಾಸ್ ಬೆನ್ನು ಹತ್ತಿದೆ. ಇತಿಹಾಸ ಓದಿದವರು ಇದ್ದರೆ ಸ್ವಲ್ಪ ಹೇಳಿ.

ಧಾರವಾಡದ ಸೊಸೆ:

ಅಕ್ಕೋರೆ, ಸಾಲು ತೆಗೀಬೇಡಿ. ಅದನ್ನು ತೆಗೆದರೆ ಹಾಡು ಬರೀ ಗೌಡನ ಕಥೆ ಆಗುತ್ತದೆ.

ನಮ್ಮ ಅಜ್ಜಿ ಕಲಘಟಗಿ ಕಡೆಯವಳು. ಈ ಹಾಡನ್ನು ಬೀಸುವಾಗ ಹಾಡುತ್ತಿದ್ದಳು. ಗೆಳತಿಯ ಮಾತು ಬರುವ ಹೊತ್ತಿಗೆ ಬೀಸುಕಲ್ಲಿನ ಗೂಟ ಹಿಡಿದ ಕೈ ಸ್ವಲ್ಪ ನಿಧಾನ ಆಗೋದು, ಇನ್ನೊಂದು ಹಿಡಿ ಜೋಳ ಹಾಕೋಳು, ಮತ್ತೆ ತಿರುಗಿಸೋಳು. ಯಾರನ್ನೂ ಬೈಯುತ್ತಿರಲಿಲ್ಲ. ಇದು ಹೆಂಗಸರೇ ಹೆಂಗಸರ ನಡುವೆ ಹಾಡಿದ ಹಾಡು ಅನ್ನೋದನ್ನು ಮರೀಬಾರದು. ಅತ್ತೆ ಒಳಮನೆಯಲ್ಲಿ ಇರುವಾಗಲೇ ಸೊಸೆಯಂದಿರು ಹಾಡೋರು. ಹೇಳಬೇಕಾದ್ದೆಲ್ಲ ಹಾಡಿನಲ್ಲಿ ಹೇಳಿಬಿಡೋರು, ಅತ್ತೆ ಏನಂತಾಳೆ? ಹಾಡು ಅಲ್ವಾ ಅದು!

ಅಪ್ಪನ ಹತ್ತಿರ ಯಾಕೆ ಸುಳ್ಳು ಹೇಳಿದಳು ನೋಡಿ. ನನಗನಿಸುತ್ತದೆ, ಅದು ಅಪ್ಪನನ್ನು ಪರೀಕ್ಷೆ ಮಾಡಿದ ಮಾತು. ಬೇರೆ ಇಡ್ತಾರೆ ಅನ್ನೋ ಸಣ್ಣ ತ್ರಾಸಿಗೇ ಅಪ್ಪ "ಬಾ ಮಗಳ, ಇಲ್ಲೇ ಇರು" ಅಂದಿದ್ದರೆ ಮುಂದಿನ ಮಾತು ಬಾಯಿಗೆ ಬರುತ್ತಿತ್ತು. ಅಪ್ಪ ಅಂದದ್ದೇನು? ಹೊಲಮನೆ ಕೊಡಿಸ್ತೇನೆ. ಅಂದರೆ ಅಲ್ಲೇ ಇರು, ಅಲ್ಲೇ ಚೆನ್ನಾಗಿರು. ಪ್ರೀತಿಯಿಂದಲೇ ಅಂದ. ಅಷ್ಟಕ್ಕೇ ಅವಳಿಗೆ ಗೊತ್ತಾಯ್ತು. ಸಿಟ್ಟು ಬಂದದ್ದೂ ಅದಕ್ಕೇ. ಹೊಳೆದಂಡೆಗೆ ಹಾಕು ಅನ್ನೋದು ಸಣ್ಣ ಮಾತೇನ್ರೀ ಅಪ್ಪನಿಗೆ?

ಇನ್ನು ಗೆಳತಿ. ಅವಳೂ ಯಾರದೋ ಮನೆಯ ಸೊಸೆಯೋ, ನಾಳೆ ಸೊಸೆ ಆಗುವವಳೋ ಇರಬೇಕು. "ನಮ್ಮ ಮನಿಗೆ ಬಾ" ಅನ್ನೋಕೆ ಅವಳಿಗೆ ಯಾವ ಮನೆ ಇತ್ತು? ನನ್ನ ಮದುವೆಯಾದ ಹೊಸದರಲ್ಲಿ ತುಂಬ ತ್ರಾಸಾದಾಗ ನಾನೂ ಗೆಳತಿಗೇ ಫೋನ್ ಮಾಡಿದ್ದು. "ಹೊಂದಿಕೊಂಡು ಹೋಗು, ಎಲ್ಲಾರ ಮನ್ಯಾಗೂ ಇದ್ದದ್ದ" ಅಂದಳು. ಆ ಕಡೆ ಅವಳ ಅತ್ತೆ ಪಾತ್ರೆ ಕುಕ್ಕುವ ಸದ್ದು ನನಗೆ ಕೇಳಿಸುತ್ತಿತ್ತು. ಅವಳು ಕೆಟ್ಟವಳಲ್ಲ, ಈಗಲೂ ನನ್ನ ಜೀವದ ಗೆಳತಿ. ಆದರೆ ನಾನು ಮತ್ತೆ ಆ ವಿಷಯಕ್ಕೆ ಅವಳಿಗೆ ಫೋನ್ ಮಾಡಲಿಲ್ಲ.

ಒಂದು ಉಪಾಯ. ಆ ಸಾಲನ್ನು ಒಬ್ಬ ಹುಡುಗಿಯ ಬಾಯಲ್ಲಿ ಇಡಬೇಡಿ. ವೇದಿಕೆ ಮೇಲಿರುವ ಎಲ್ಲ ಹುಡುಗಿಯರೂ ಒಟ್ಟಿಗೆ ಹಾಡಲಿ. ಅದು ಒಬ್ಬಳ ಮಾತಲ್ಲವಲ್ಲ.

ಏರಿ ತೂಬು:

ನಾನು ಸಣ್ಣ ನೀರಾವರಿಯಲ್ಲಿದ್ದು ರಿಟೈರ್ ಆದವನು. ಸಾಹಿತ್ಯ ಗೊತ್ತಿಲ್ಲ. ಆದರೆ ಮಲ್ಲನಗೌಡ ಕೆರೆ ಕಟ್ಟಿದ ಜಾಗವೇ ತಪ್ಪು ಅಂತ ನನ್ನ ಬಲವಾದ ಸಂಶಯ. ಹಿರೇಕೆರೂರು ಕಡೆ ಮಾಸೂರಿನ ಮದಗದ ಕೆರೆ ನೋಡಿ. ಎರಡು ಗುಡ್ಡದ ನಡುವೆ ಏರಿ, ಕುಮುದ್ವತಿಯ ನೀರು ತಾನಾಗೇ ಬಂದು ನಿಲ್ಲುವ ಜಾಗ. ಸೊಸೆ ಬೇಕಾಗಲಿಲ್ಲ. ಹೊತ್ತಿಗೆ ತೆಗೆಸುವ ಮೊದಲು ನೀರು ಎಲ್ಲಿಂದ ಇಳಿದು ಬರುತ್ತದೆ ಅಂತ ಒಬ್ಬ ಕುರಿ ಕಾಯುವವನನ್ನು ಕೇಳಿದ್ದರೂ ಸಾಕಿತ್ತು.

ಮಕ್ಕಳಿಗೆ ಇದನ್ನೂ ಹೇಳಿ ಟೀಚರ್. ಕೆಲಸ ಕೆಟ್ಟಾಗ ತಪ್ಪು ಹೊರಿಸೋಕೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರನ್ನು ಹುಡುಕೋದು ನಮ್ಮ ಇಲಾಖೆಯಲ್ಲೂ ಇತ್ತು.

ಹಾನಗಲ್ಲ ಮಾಸ್ತರ:

ನಡೆದಿತ್ತೇ ಅಂತ ಮಕ್ಕಳು ಕೇಳಿದ್ದಕ್ಕೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಕೆರೆ ಏರಿ ಮೇಲೆ ಒಂದು ಅಮ್ಮನ ಗುಡಿ, ಅದಕ್ಕೊಂದು ಸೊಸೆಯ ಕಥೆ, ಇದು ನಮ್ಮ ನಾಡಿನಲ್ಲಿ ಎಷ್ಟೋ ಕಡೆ ಇದೆ. ಕಥೆ ಬೇರೆ, ದಾಖಲೆ ಬೇರೆ. ಆದರೆ ಹೆಣ್ಣಿನ ಸಾವನ್ನು ಕಲ್ಲಿನಲ್ಲಿ ಹೊಗಳಿ ನಿಲ್ಲಿಸಿದ್ದಕ್ಕೆ ದಾಖಲೆಗೆ ಬರ ಇಲ್ಲ. ಹಾವೇರಿ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಕಾಳಗದಲ್ಲಿ ಸತ್ತವರ ವೀರಗಲ್ಲು, ಗಂಡನ ಹಿಂದೆ ಬೆಂಕಿಗೆ ಬಿದ್ದವರ ಮಾಸ್ತಿಗಲ್ಲು ಸಿಗುತ್ತವೆ. ಹಾನಗಲ್ಲಿನ ತಾರಕೇಶ್ವರ ಗುಡಿ ಅಂಗಳದಲ್ಲಿ ದೊಡ್ಡ ದೊಡ್ಡ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಕೂತದ್ದು. ಸತ್ತವನಿಗೆ ಮೂರು ಮಜಲಿನ ಮನೆ.

ಮಾಸ್ತಿಗಲ್ಲು ಹಾಗಲ್ಲ. ಬಹಳ ಕಡೆ ಒಂದು ಕಂಬ, ಕಂಬದಿಂದ ಮೂಡಿ ಬಂದ ಒಂದು ತೋಳು. ಮೊಣಕೈ ಮಡಚಿ ಅಂಗೈ ಎತ್ತಿದೆ. ಹೆಬ್ಬೆರಳ ಸಂದಿಯಲ್ಲಿ ಕೆಲವು ಕಡೆ ನಿಂಬೆಹಣ್ಣು. ಮುಂಗೈ ತುಂಬ ಬಳೆ. ಬಳೆ ಒಡೆದಿಲ್ಲ ಅನ್ನೋದನ್ನೇ ಶಿಲ್ಪಿ ಮುಖ್ಯವಾಗಿ ತೋರಿಸಿದ್ದಾನೆ, ಮುತ್ತೈದೆಯಾಗಿಯೇ ಹೋದಳು ಅಂತ. ಎಷ್ಟೋ ಕಲ್ಲಿನ ಮೇಲೆ ಹೆಸರೇ ಇಲ್ಲ. ಮುಖವೂ ಇಲ್ಲ. ಬರೀ ಕೈ.

ಮನೆಯವರೇ ನೂಕಿದರು ಅಂತ ಎಲ್ಲ ಕಡೆ ಹೇಳೋಕೂ ಬರೋದಿಲ್ಲ. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ. ದೇಕಬ್ಬೆ ಅನ್ನುವವಳದ್ದು. ಗಂಡ ಏಚ ಜಟ್ಟಿಕಾಳಗದಲ್ಲಿ ರಾಜನ ಸಂಬಂಧಿಯನ್ನು ಕೊಂದ ಅಂತ ಅವನನ್ನು ತಲಕಾಡಿಗೆ ಒಯ್ದು ಕೊಂದರು. ಸುದ್ದಿ ಬಂತು. ದೇಕಬ್ಬೆ ಬೆಂಕಿಗೆ ಹೊರಟಳು. ಅಪ್ಪ ಅವ್ವ ಬೇಡ ಅಂತ ತಡೆದರು. ಅವಳು ಕೇಳಲಿಲ್ಲ. ಅಂದರೆ ಅಷ್ಟು ಹೊತ್ತಿಗೆ ಊರು, ಹಾಡು, ಕಲ್ಲು ಎಲ್ಲ ಸೇರಿ ಅವಳೊಳಗೇ ಕೂತುಬಿಟ್ಟಿದ್ದವು. ಹೊರಗಿನಿಂದ ಯಾರೂ ನೂಕಬೇಕಾಗಿರಲಿಲ್ಲ. ಶಾಸನ ಹೊಗಳಿದ್ದೂ ಅವಳು ಮಾತು ಕೇಳಲಿಲ್ಲ ಅನ್ನೋದನ್ನೇ. ತಡೆದ ತಾಯಿಯ ಹೆಸರಿನಲ್ಲಿ ಯಾರಾದರೂ ಒಂದು ಕಲ್ಲು ನಿಲ್ಲಿಸಬೇಕಿತ್ತು ಅಂತ ನನಗೆ ಆಗಾಗ ಅನಿಸುತ್ತದೆ.

ಗಂಡಸರೂ ಇದರಿಂದ ಪಾರಾಗಿರಲಿಲ್ಲ. ಒಡೆಯ ಸತ್ತರೆ ತಾನೂ ಸಾಯುತ್ತೇನೆ ಅಂತ ಭಾಷೆ ಕೊಟ್ಟವರನ್ನು ವೇಳೆವಾಳಿ, ಗರುಡ ಅಂತ ಕರೆಯುತ್ತಿದ್ದರು. ಹಳೇಬೀಡಿನ ಗರುಡಗಂಬದಲ್ಲಿ ಕುವರ ಲಕ್ಷ್ಮನ ಕಥೆ ಇದೆ. ಎರಡನೇ ವೀರಬಲ್ಲಾಳ ತೀರಿದಾಗ ಹೆಂಡತಿ ಮತ್ತು ಪಡೆಯ ಜೊತೆ ಸತ್ತ. ಅನ್ನದ ಋಣ ಅನ್ನೋ ಒಂದೇ ಮಾತಿಗೆ.

ಸರ್ಕಾರ ಸಹಗಮನ ನಿಲ್ಲಿಸಿದ್ದು ಬಂಗಾಳದಲ್ಲಿ 1829ರಲ್ಲಿ. ನಮ್ಮ ಧಾರವಾಡ ಸೀಮೆ ಇದ್ದ ಮುಂಬೈ ಪ್ರಾಂತದಲ್ಲಿ ಮರುವರ್ಷ. ಕಾಯ್ದೆ ಬಂತು, ಕೈಯ ಪೂಜೆ ಮಾತ್ರ ನಿಲ್ಲಲಿಲ್ಲ. ಈಗಲೂ ಮಾಸ್ತಿಗಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಹೋಗುತ್ತಾರೆ.

ಹುಬ್ಬಳ್ಳಿ ಹುಡುಗ:

ಎಲ್ಲರೂ ಹಿರಿಯರು, ತಪ್ಪು ತಿಳೀಬೇಡಿ. ಹಳೇ ಕಾಲದ ಕಥೆಯನ್ನು ಇವತ್ತಿನ ತಕ್ಕಡಿಯಲ್ಲಿ ತೂಗ್ತಾ ಇದ್ದೀವಿ ಅನಿಸ್ತಿದೆ. ತ್ಯಾಗ ಅನ್ನೋದು ಇರಲೇ ಇಲ್ವಾ? ನಮ್ಮ ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಕುಮಾರವ್ಯಾಸನನ್ನೇ ತಗೊಳ್ಳಿ. ಗದಗಿನ ವೀರನಾರಾಯಣ ಗುಡಿಯಲ್ಲಿ ಕೂತು ಬರೆದ ಅಂತಾರಲ್ಲ, ಆ ಭಾರತದಲ್ಲಿ ಕರ್ಣನ ಪಾಡೂ ಇದೇ ಅಲ್ವಾ. ಕೃಷ್ಣ ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ನೀನು ಕುಂತಿಯ ಮಗ, ಬಾ, ರಾಜ್ಯ ನಿನ್ನದೇ ಅಂತಾನೆ. ಕರ್ಣನ ಕೊರಳ ಸೆರೆ ಉಬ್ಬುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆದರೂ ಕೌರವನ ಋಣ ಅಂತ ಹೋಗೋದಿಲ್ಲ. ಅದನ್ನು ಒತ್ತಡ ಅಂತ ಯಾರೂ ಅನ್ನಲ್ಲ, ದೊಡ್ಡತನ ಅಂತೀವಿ. ಭಾಗೀರತಿಗೆ ಯಾಕೆ ಆ ದೊಡ್ಡತನ ಕೊಡಬಾರದು? ಪಾಪದ ಹುಡುಗಿ ಅಂದರೆ ಅವಳನ್ನೇ ಸಣ್ಣ ಮಾಡಿದ ಹಾಗೆ.

ಧಾರವಾಡದ ಸೊಸೆ:

ತಮ್ಮಾ, ಒಳ್ಳೇ ಪ್ರಶ್ನೆ ಕೇಳಿದಿ. ಆದರೆ ಕರ್ಣನಿಗೆ ಒಬ್ಬನಾದರೂ ಎದುರು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದ. ಬಾ ಅಂದ. ಬರೋದು ಬಿಡೋದು ಅವನಿಗೆ ಬಿಟ್ಟಿದ್ದು. ಕೃಷ್ಣ ಹೇಳಿದ್ದರಲ್ಲೂ ಲೆಕ್ಕಾಚಾರ ಇತ್ತು, ಅದು ಬೇರೆ ಮಾತು.

ಭಾಗೀರತಿಗೆ ಯಾರು ಕೇಳಿದರು? ಸುದ್ದಿ ಅವಳ ಕಿವಿಗೆ ಬಿದ್ದದ್ದು ಅಷ್ಟೇ. ಕೆರೆಗೆ ಹೋಗಿ ಗಂಗವ್ವನ ಪೂಜೆ ಮಾಡಿ ಎಲ್ಲರೂ ಮರಳಿ ಹೊರಡುತ್ತಾರೆ. ಆಗ ಬಂಗಾರದ ಬಟ್ಟಲು ಮರೆತು ಬಂದೆವು ಅಂತಾರೆ. ಅವರಿವರಿಗೆ ಹೇಳಿದರೆ ಯಾರೂ ಹೋಗೋದಿಲ್ಲ. ಕೊನೆಗೆ ಭಾಗೀರತಿ ಓಡುತ್ತಾಳೆ. ಅವಳು ಮೆಟ್ಟಿಲು ಏರುತ್ತ ಬಂದ ಹಾಗೆ ನೀರೂ ಪಾದ, ಮೊಣಕಾಲು ಅಂತ ಏರುತ್ತ ಬರುತ್ತದೆ. ನನ್ನ ಪ್ರಕಾರ ಆ ಬಟ್ಟಲು ಮರೆತದ್ದಲ್ಲ, ಬಿಟ್ಟು ಬಂದದ್ದು. "ನಿನ್ನನ್ನು ಕೊಡ್ತಾ ಇದ್ದೀವಿ ಮಗಳ" ಅಂತ ಮುಖ ನೋಡಿ ಹೇಳುವ ಧೈರ್ಯ ಆ ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ಹೇಳಿದ್ದರೆ ತಾನೇ ತ್ಯಾಗ.

ಮತ್ತೆ ಮಾದೇವರಾಯ ದಂಡಿನಿಂದ ಬಂದು ಅದೇ ಕೆರೆಗೆ ಹಾರಿದ ಅನ್ನೋದನ್ನು ಮರೀಬೇಡ. ಗೌಡನಿಗೆ ನೀರು ಸಿಕ್ಕಿತು, ಮಗ ಹೋದ. ಈ ಹಾಡು ಕಟ್ಟಿದ ಅವ್ವಂದಿರು ಲೆಕ್ಕ ಬಿಟ್ಟವರಲ್ಲ.

ಬಾಂಡ್ ರೈಟರ್, ಹಾವೇರಿ:

ನಮಸ್ಕಾರ. ಓದ್ತಾ ಇದ್ದೆ, ಸುಮ್ನೆ ಇರೋಕಾಗಲಿಲ್ಲ. ನನ್ನ ಕೆಲಸ ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಕಾಗದ ಪತ್ರ ಬರೆಯೋದು. ಭಾಗೀರತಿಯ ಅಪ್ಪ ಹೊಲಮನೆ ಕೊಡ್ತೀನಿ ಅಂದದ್ದು ದೊಡ್ಡ ಮಾತು ಸರ್. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮ ಪಾಲು ಅಂತ ನಮ್ಮ ರಾಜ್ಯದಲ್ಲಿ ಕಾಯ್ದೆ ಜಾರಿಯಾದದ್ದೇ 1994ರಲ್ಲಿ. ದೇಶಕ್ಕೆಲ್ಲ ಬಂದದ್ದು 2005ರಲ್ಲಿ.

ಬಂದ ಮೇಲೆ ಏನಾಯ್ತು? ನನ್ನ ಪಾಲು ಬೇಡ ಅಂತ ಹಕ್ಕು ಬಿಡುಗಡೆ ಪತ್ರ ಬರೆಸೋರು ಜಾಸ್ತಿ ಆದರು. ಅಣ್ಣತಮ್ಮಂದಿರು ಕಾರ್ ಮಾಡಿಸಿಕೊಂಡು ಅಕ್ಕತಂಗಿಯರನ್ನು ಕರೆದುಕೊಂಡು ಬರುತ್ತಾರೆ. ಹೊಸ ಸೀರೆ ಉಡಿಸಿರುತ್ತಾರೆ. ದಾರಿಯಲ್ಲಿ ಖಾನಾವಳಿ ಊಟ. ಪತ್ರದಲ್ಲಿ ನಾನೇ ಬರೆಯುವ ಮಾತು: "ಯಾರ ಒತ್ತಾಯ, ಆಮಿಷಕ್ಕೂ ಒಳಗಾಗದೆ ಸ್ವಖುಷಿಯಿಂದ." ಓದಿ ಹೇಳ್ತೀನಿ, ಹೂಂ ಅಂತಾರೆ. ಹೆಬ್ಬೆಟ್ಟು ಒತ್ತುವಾಗ ಅಣ್ಣ ಕೈ ಹಿಡಿದಿರೋದಿಲ್ಲ, ಅದು ನಿಜ. ಹಿಡಿಯೋ ಅವಶ್ಯಕತೆ ಇರೋದಿಲ್ಲ. ತವರು ಬೇಕೋ ಹೊಲ ಬೇಕೋ ಅನ್ನೋ ಮಾತು ಅವರ ಊರಿನಲ್ಲೇ ಮುಗಿದಿರುತ್ತದೆ. ನಾಳೆ ಪಂಚಮಿಗೆ ಕರೆಯೋಕೆ ಯಾರು ಬರ್ತಾರೆ ಅನ್ನೋ ಚಿಂತೆ ಅವರಿಗೆ.

ಒಬ್ಬ ಅಜ್ಜಿ ಮಾತ್ರ, ಮೇಜಿನ ಮುಂದೆ ನಿಂತು, "ಸ್ವಖುಷಿ ಅಂತ ಬರದೀಯಲ್ಲೋ, ನನ್ನ ಕೇಳಿ ಬರದ್ಯಾ?" ಅಂದಳು. ತಮ್ಮಂದಿರು ನಕ್ಕರು. ನಾನೂ ನಕ್ಕು ಹೆಬ್ಬೆಟ್ಟಿನ ಪ್ಯಾಡ್ ಮುಂದಿಟ್ಟೆ. ಪತ್ರ ನೋಂದಣಿ ಆಯ್ತು.

ಮಾಸ್ತರ್ ಹೇಳಿದ ಆ ಕಲ್ಲಿನ ಶಾಸನವನ್ನೂ ಯಾರೋ ನನ್ನಂಥವನೇ ಬರೆದಿರಬೇಕು ನೋಡಿ, ಕೂಲಿ ಇಸಕೊಂಡು.

ನರಗುಂದ ಗುಡ್ಡ:

ಸಣ್ಣದೊಂದು ಸೇರಿಸ್ತೀನಿ. ರೋಣಕ್ಕೆ ಹತ್ತಿರದ ನರಗುಂದದ ಅರಸ ಬಾಬಾಸಾಹೇಬನ ಕಥೆ ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ದತ್ತಕಕ್ಕೆ ಕಂಪನಿ ಒಪ್ಪಲಿಲ್ಲ, 1858ರ ಮೇ ತಿಂಗಳ ಕೊನೆಗೆ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆಯಾದ, ಜೂನ್ ಶುರುವಿನಲ್ಲೇ ಕೋಟೆ ಬಿತ್ತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಇಷ್ಟನ್ನು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಸತ್ತದ್ದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಕಂಪನಿ ದಂಡು ಅವರಿಗೆ ಹಾರಿ ಅನ್ನಲಿಲ್ಲ. ಸಿಕ್ಕಿಬಿದ್ದರೆ ಮರ್ಯಾದೆ ಏನಾಗುತ್ತದೆ ಅನ್ನೋ ಹೆದರಿಕೆಯೇ ಸಾಕಾಯ್ತು. ಇದು ಹಾಡಲ್ಲ, ಗೆಜೆಟಿಯರ್‌ನಲ್ಲಿರುವ ಸಂಗತಿ. ದತ್ತಕದ ಪ್ರಶ್ನೆ ಕೂಡ ಕೊನೆಗೆ ಮನೆತನಕ್ಕೆ ಗಂಡು ಬೇಕು ಅನ್ನೋದೇ ತಾನೇ.

ರೋಣದ ಅಕ್ಕೋರು:

ಇಷ್ಟೊಂದು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಬಾಂಡ್ ರೈಟರ್ ಅಣ್ಣಾ, ಆ ಅಜ್ಜಿಯ ಮಾತನ್ನು ಕ್ಲಾಸಿನಲ್ಲಿ ಹೇಳಿದೆ. ಮಕ್ಕಳು ನಗಲಿಲ್ಲ. ಒಬ್ಬಳು ಮಾತ್ರ "ನಮ್ಮ ಅತ್ತೀನೂ ಸಹಿ ಮಾಡ್ಯಾರ್ರೀ" ಅಂದು ಸುಮ್ಮನಾದಳು. ಹುಬ್ಬಳ್ಳಿ ತಮ್ಮನ ಪ್ರಶ್ನೆಯನ್ನೂ ಇಟ್ಟೆ. ಕರ್ಣನ ಪರ ಹುಡುಗರೆಲ್ಲ ಎದ್ದು ನಿಂತರು, ಗಲಾಟೆ ನೋಡಬೇಕಿತ್ತು.

ಧಾರವಾಡದ ಅಕ್ಕ ಹೇಳಿದ ಹಾಗೆ ಎಲ್ಲರೂ ಸೇರಿ ಆ ಸಾಲು ಹಾಡೋಣ ಅಂತ ನಮ್ಮ ಹುಡುಗಿಗೆ ಹೇಳಿ ನೋಡಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದಳು, "ಎಲ್ಲಾರೂ ಕೂಡಿ ಅಂದ್ರ ಯಾರೂ ಅಂದಾಂಗ ಆಗೂದಿಲ್ರೀ. ಬ್ಯಾಡ. ನಾನ ಅಂತೀನಿ." ಆದರೆ ಒಂದು ಷರತ್ತು. ಭಾಗೀರತಿ ಬಂದಾಗ ತಾನು ರೊಟ್ಟಿ ಬಡಿಯುತ್ತ ಕೂತಿರಬೇಕಂತೆ. ಮಾತು ಕೇಳುವಾಗ ಕೈ ನಿಲ್ಲಬೇಕು, ಹೇಳುವಾಗ ಮತ್ತೆ ಬಡಿಯಬೇಕು, ತಲೆ ಎತ್ತಬಾರದು. ಎಲ್ಲಿ ನೋಡಿದ್ದಾಳೋ ಇದನ್ನ, ನಾನು ಕೇಳಲಿಲ್ಲ.

ಹಾನಗಲ್ಲ ಮಾಸ್ತರರಿಗೆ ಒಂದು ಪ್ರಶ್ನೆ. ಬರೀ ಸಾಯುವವರ ಕಥೆಯೇ ಆಯ್ತು. ತಿರುಗಿ ಮಾತಾಡಿ ಗೆದ್ದವರದ್ದು ಒಂದು ಕೊಡಿ, ಅದೇ ದಿನ ಇನ್ನೊಂದು ಸಣ್ಣ ಐಟಂಗೆ ಬೇಕು.

ಹಾನಗಲ್ಲ ಮಾಸ್ತರ:

ನಮ್ಮ ಜಿಲ್ಲೆಯವರದ್ದೇ ಕೊಡುತ್ತೇನೆ. ಬಾಡದ ಕನಕದಾಸರ ರಾಮಧಾನ್ಯ ಚರಿತೆ. ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಗಳ. ಭತ್ತ, ನೀನು ಶೂದ್ರರ ಅನ್ನ, ಕೀಳು ಅಂತ ಹಂಗಿಸುತ್ತದೆ. ರಾಗಿ ಸುಮ್ನೆ ಕೇಳಿಸಿಕೊಂಡು ಅಳುತ್ತ ಕೂರೋದಿಲ್ಲ. ಸಭೆಯಲ್ಲೇ, ಬಡವರನ್ನು ಕಣ್ಣೆತ್ತಿ ನೋಡದವನು, ಹೆಣದ ಬಾಯಿಗೆ ಬೀಳುವ ಅಕ್ಕಿ ನೀನು ಅಂತ ತಿರುಗಿ ಝಾಡಿಸುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗಿ ಹೋಗುತ್ತದೆ, ರಾಗಿ ಇದ್ದ ಹಾಗೇ ಬರುತ್ತದೆ. ಬೈಗುಳ ಬಹಳ ಸೊಗಸಾಗಿದೆ, ಮಕ್ಕಳಿಗೆ ಹಿಡಿಸುತ್ತದೆ. ಇಬ್ಬರೇ ಸಾಕು, ಜೊತೆಗೆ ರಾಮನಿಗೆ ಒಬ್ಬ.

ಆದರೆ ಒಂದು ನೆನಪಿರಲಿ. ಅಲ್ಲಿ ಎರಡೂ ಕಡೆಯ ಮಾತು ಕೇಳುವ ಸಭೆ ಒಂದಿತ್ತು.

ಹಾನಗಲ್ಲಿಗೆ ಮಕ್ಕಳನ್ನು ಕರೆತರುವುದಿದ್ದರೆ ಬೆಳಿಗ್ಗೆ ಬೇಗ ಬನ್ನಿ. ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನ ಬಂದರೆ ಎಲ್ಲ ಒಂದೇ ಬಣ್ಣ.

ಏರಿ ತೂಬು:

ಟೀಚರ್, ರೊಟ್ಟಿ ಬಡಿಯೋಕೆ ಸ್ಟೀಲ್ ಪರಾತ ಇಡಬೇಡಿ. ಮೈಕ್ ಹತ್ತಿರ ಇದ್ದರೆ ಡಬಡಬ ಅಂತ ಅದೇ ಕೇಳುತ್ತದೆ, ಹುಡುಗಿ ಮಾತು ಕೇಳೋದಿಲ್ಲ. ಕಟ್ಟಿಗೆ ಹಲಗೆ ಇಡಿ. ಹಿಟ್ಟು ನಿಜವಾದ ಜೋಳದ್ದೇ ಇರಲಿ. ಪ್ರೋಗ್ರಾಂ ಯಾವತ್ತು ಅಂತ ಇಲ್ಲೇ ಹಾಕಿ, ರೋಣದ ಬಸ್ ಹಿಡಿದು ಬರ್ತೀನಿ.